ಕಾಮೆಂಟ್ ಸರ್

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ: ಯಾವ ಊರಿಗೇ ಹೋಗಿ, ಬಸ್ ಸ್ಟ್ಯಾಂಡಿನ ಆಸುಪಾಸು, ಮೊಬೈಲ್ ಅಂಗಡಿಯ ಮೇಲೆ ಒಂದು ಕಂಪ್ಯೂಟರ್ ಕ್ಲಾಸು ಇದ್ದೇ ಇರುತ್ತದೆ. ಬೋರ್ಡಿನ ಮೇಲೆ ಟ್ಯಾಲಿ, ಸಿ, ಪೈಥಾನ್. ಒಳಗೆ ಕಾಮೆಂಟ್ ಸರ್. ಕೋಡಿನ ಜೊತೆ ಓದುವವರಿಗೆಂದು ಬರೆಯುವ ಟಿಪ್ಪಣಿಗೆ, ಅಂದರೆ ಕಾಮೆಂಟಿಗೆ, ಪಟ್ಟು ಹಿಡಿಯುತ್ತಾರೆಂದು ಹುಡುಗರು ಇಟ್ಟ ಹೆಸರು. ಅದು ಸರ್‌ಗೂ ಗೊತ್ತು, ಬೇಸರವಿಲ್ಲ.

ಪ್ರೋಗ್ರಾಮ್ ಓಡಿತೆಂದು ಹುಡುಗ ಕುಣಿದರೆ ಇವರು ಕುಣಿಯುವವರಲ್ಲ. "ಎ, ಬಿ, ಸಿ ಅಂತ ಹೆಸರಿಟ್ಟೀಯಲ್ಲೋ ತಮ್ಮಾ, ನಿಮ್ಮನ್ಯಾಗ ಕೂಸುಗಳಿಗೂ ಹಿಂಗ ಇಡ್ತಾರೇನು?"

ಲೆಕ್ಕ ಮಾತ್ರ ಯಾವಾಗಲೂ ಮೆಣಸಿನಕಾಯಿಯದೇ. ದಲಾಲಿ ಅಂಗಡಿಯ ಬಿಲ್ಲಿಗೆಂದು ಒಬ್ಬ ಬರೆದ: ಮೊತ್ತ = ತೂಕ * ದರ / 100. (ಪೈಥಾನ್ 3ರಲ್ಲಿ ಕಾಮೆಂಟಷ್ಟೇ ಅಲ್ಲ, ಇಂಥ ಹೆಸರುಗಳೂ ಕನ್ನಡದಲ್ಲಿ ನಡೆಯುತ್ತವೆ.) ಮೇಲೆ ಕಾಮೆಂಟು: "ತೂಕಕ್ಕೆ ದರ ಗುಣಿಸಿ 100ರಿಂದ ಭಾಗಿಸಿದೆ."

ಸರ್ ಕನ್ನಡಕ ಹಣೆಗೇರಿಸಿದರು. "ಅದು ನನಗೂ ಕಾಣ್ತೈತಿ. 100 ಯಾಕ?"

"ದರ ಕ್ವಿಂಟಲಿಗೆ, ತೂಕ ಕಿಲೋದಾಗ ಐತ್ರಿ ಸರ."

"ಮತ್ತ ಅದನ್ನ ಬರಿಯೋ!"

ಇಲ್ಲಿ ಸರ್ ಮಾತಿಗೆ ನನ್ನದೊಂದು ಓಟು. ಭಾಗಾಕಾರ ಕೋಡಿನಲ್ಲೇ ಕಾಣುತ್ತದೆ, ಅದರ ಕಾರಣ ಕಾಣುವುದಿಲ್ಲ. ದರ ಕ್ವಿಂಟಲಿನ ಲೆಕ್ಕದಲ್ಲಿ ಎಂಬುದು ಬ್ಯಾಡಗಿ ಮಾರ್ಕೆಟ್ ಕಂಡವನಿಗೆ ಗೊತ್ತು. ಬೆಂಗಳೂರಲ್ಲಿ ಕೂತು ನಾಳೆ ಅದೇ ಪ್ರೋಗ್ರಾಮ್ ತಿದ್ದುವವನಿಗೆ ಯಾರು ಹೇಳಬೇಕು?

ಆದರೆ ಸರ್ ಸ್ವಂತ ಪ್ರೋಗ್ರಾಮಿನ ಕಥೆಯೇ ಬೇರೆ. ಕೋಡು ಏಳು ಸಾಲು, ಕಾಮೆಂಟು ಒಂದೂವರೆ ಪುಟ. "ಈ ಸಾಲು ಅಳಿಸಬೇಡಿ. ಹಿಂದಿನ ಬ್ಯಾಚಿನವ ಅಳಿಸಿ ನೋಡಿದ್ದಾನೆ." ಕೋಡು ಪೈಥಾನಿಗೆ ಬಂದು ಎಷ್ಟೋ ಕಾಲವಾದರೂ ತಲೆಬರಹದ ಕಾಮೆಂಟು ಟರ್ಬೊ ಸಿ ಕಾಲದ್ದೇ: "ನೀಲಿ ಪರದೆ ಬಂದರೆ ಹೆದರಬೇಡಿ." ಈಗೆಲ್ಲಿದೆ ಸರ ನೀಲಿ ಪರದೆ ಎಂದರೆ, "ಹೆದರಬ್ಯಾಡ್ರಿ ಅನ್ನೋದು ಇನ್ನೂ ಖರೇನ ಐತಲ್ಲ!"

ತಮಾಷೆ ಇರಲಿ, ಹಳಸಿದ ಕಾಮೆಂಟಿಗಿಂತ ಕಾಮೆಂಟು ಇಲ್ಲದ್ದೇ ವಾಸಿ. ಹೊಸದಾಗಿ ಕಲಿಯುವ ಹುಡುಗ ಕೋಡನ್ನು ಬಿಟ್ಟು ಅದನ್ನೇ ನಂಬುತ್ತಾನೆ. ಕೋಡು ತಿದ್ದಿದ ಕೈಯಲ್ಲೇ ಕಾಮೆಂಟನ್ನೂ ತಿದ್ದಿ ಎಂದು ಸರ್ ಎಲ್ಲರಿಗೂ ಹೇಳುತ್ತಾರೆ, ತಮಗೊಬ್ಬರಿಗೆ ಬಿಟ್ಟು.

ಮಕ್ಕಳನ್ನು ಇಂಥ ಕ್ಲಾಸಿಗೆ ಸೇರಿಸುವವರಿದ್ದರೆ, ಫೀ ಎಷ್ಟೆಂದು ಕೇಳುವ ಮೊದಲು ಅಲ್ಲಿಯ ಒಂದು ಪ್ರೋಗ್ರಾಮ್ ತೋರಿಸಿ ಎನ್ನಿ. ಕೋಡಿನ ಗಂಧಗಾಳಿ ಇಲ್ಲದ ನಿಮಗೇ ಅರ್ಧ ತಿಳಿಯಿತೋ, ಧೈರ್ಯವಾಗಿ ಸೇರಿಸಿ.