ಅಡ್ಡಿಲ್ಲ

ಕಲ್ಹೇರಿನವರಾದ ನಾವು ಸಾಗರ ಕಾಣದವರೇನಲ್ಲ. 1923ರಿಂದ 1931ರವರೆಗೆ ಮಂಜೀರಾ ಹೊಳೆಗೆ ಅಡ್ಡಲಾಗಿ ಕಟ್ಟಿಸಿದ ನಿಜಾಂಸಾಗರ ನಮ್ಮ ಮಗ್ಗುಲಲ್ಲೇ ಇದೆ. ಉಪ್ಪಿಲ್ಲ, ಅಲೆಯಿಲ್ಲ, ಕೆಲವು ಬೇಸಿಗೆಗಳಲ್ಲಿ ಹೇಳಿಕೊಳ್ಳುವಷ್ಟು ನೀರೂ ಇಲ್ಲ, ಹೆಸರಂತೂ ಸಾಗರವೇ. ಆದರೂ ನಿವೃತ್ತಿಯ ಹಾರ ಕೊರಳಿಂದ ತೆಗೆದ ರಾತ್ರಿಯೇ ನನಗೆ ಉಪ್ಪುನೀರಿನ ಹುಚ್ಚು ಹಿಡಿಯಿತು.

ಅದಕ್ಕೊಂದು ಗುಟ್ಟಿನ ಕಾರಣವಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು ಎಂದು ಅರವತ್ತು ವರ್ಷ ನಾಲಿಗೆ ಹೊರಳಿಸಿ ದಣಿದಿದ್ದೆ. 1956ರಲ್ಲಿ ನಮ್ಮ ನಾರಾಯಣಖೇಡ ಸೀಮೆಯನ್ನು ಬೀದರ ಜಿಲ್ಲೆಯಿಂದ ಬಿಚ್ಚಿ ಆಂಧ್ರದ ಮೇದಕಕ್ಕೆ ಹೊಲಿದರಲ್ಲ, ಆವತ್ತಿನಿಂದ ನಮ್ಮದು ಈ ಮೂರು ನಾಲಿಗೆಯ ಬಾಳು. ಉಳಿದ ದಿನಗಳನ್ನಾದರೂ ಕನ್ನಡವೊಂದೇ ಸಾಕಾಗುವ ಊರಲ್ಲಿ ಕಳೆಯೋಣವೆಂದು ಹೊನ್ನಾವರ ಆರಿಸಿದೆ.

“ಸಮುದ್ರ ನೋಡಲಿಕ್ಕ ಹೋಗಮ್ರಿ, ಬ್ಯಾಡ ಅನ್ನಂಗಿಲ್ಲ. ಅಲ್ಲೇ ಕೂಡಲಿಕ್ಕ ಯಾಕ?” ಎಂದಳು ಇವಳು. ಎನ್ನುತ್ತಲೇ ಐವತ್ತು ಕಡಕ್ ರೊಟ್ಟಿ, ಡಬ್ಬಿ ತುಂಬ ಶೇಂಗಾ ಹಿಂಡಿ ಕಟ್ಟಿದಳು. ಪರೀಕ್ಷೆಗೆಂದು ಜುಲೈನಲ್ಲಿ ಮೂರು ವಾರಕ್ಕೆ ಮನೆ ಹಿಡಿದೆವು.

“ಮನಿ ಸೋರ್ತದೇನ್ರಿ?” ಎಂದು ಮಾಲೀಕರನ್ನು ಕೇಳಿದೆ.

“ಅಡ್ಡಿಲ್ಲ” ಎಂದರು.

“ಕರೆಂಟು?”

“ಅಡ್ಡಿಲ್ಲ.”

ಅಚ್ಚಗನ್ನಡ ಕೇಳಿ ಎದೆ ತುಂಬಿತು. ಆ ರಾತ್ರಿ ಹಾಸಿಗೆಯ ಪಕ್ಕ ಬಕೆಟ್ಟೂ ತುಂಬಿತು. ಅಲ್ಲಿಯವರ ‘ಅಡ್ಡಿಲ್ಲ’ದೊಳಗೆ ಹೌದು, ಇಲ್ಲ, ಸುಮಾರು, ಸಹಿಸಿಕೊಳ್ಳಿ ಎಲ್ಲವೂ ಅಡಗಿರುತ್ತದೆಂದು ನನಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಇನ್ನು ಮಳೆ! ನಮ್ಮಲ್ಲಿ ವರ್ಷವೆಲ್ಲ ಬೀಳುವಷ್ಟನ್ನು ಅಲ್ಲಿ ಜುಲೈ ಒಂದೇ ತಿಂಗಳು ಸುರಿದು ಮುಗಿಸುತ್ತದೆ. ಬನಿಯನ್ ಒಣಗಲಿಲ್ಲ. ಉಪ್ಪು ನೀರಾಯಿತು. ಮೂರನೇ ದಿನ ಕಡಕ್ ರೊಟ್ಟಿ ಮುರಿಯಹೋದರೆ ಅದು ಒದ್ದೆ ಕರವಸ್ತ್ರದಂತೆ ಮಡಚಿಕೊಂಡಿತು. ಇವಳು ಅದನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದಳು.

ಸಂಜೆ ಮಳೆ ಉಸಿರು ಹಿಡಿದಾಗ ಶರಾವತಿ ಕಡಲು ಸೇರುವ ಅಳಿವೆಯತ್ತ ಹೋಗುತ್ತಿದ್ದೆ. ಕಂದು ನೀರು ಬೂದಿಬಣ್ಣದ ನೀರಿನೊಳಗೆ ನುಗ್ಗುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ನಮ್ಮ ಮಂಜೀರಾ ಗೋದಾವರಿಯ ಕೈಹಿಡಿದು ಮೂಡಣ ಕಡಲಿಗೆ ಹೋಗುತ್ತಾಳೆ, ನಾನೊಬ್ಬ ಪಡುವಣಕ್ಕೆ ಬಂದವನು. ಮೀನುಗಾರಿಕೆಗೆ ನಿಷೇಧವಿದ್ದ ಕಾಲ. ಬೋಟುಗಳು ಸಾಲಾಗಿ ಸುಮ್ಮನೆ ಕೂತಿದ್ದವು. ನನ್ನ ಹಾಗೆಯೇ ನಿವೃತ್ತರು ಎಂದುಕೊಂಡೆ. ಆಮೇಲೆ ತಿಳಿಯಿತು, ಅವಕ್ಕೆ ಆಗಸ್ಟಿನಲ್ಲಿ ಮತ್ತೆ ನೌಕರಿ ಇದೆ.

ಈ ಊರಿಗೆ 14ನೇ ಶತಮಾನದಲ್ಲಿ ಮೊರೊಕ್ಕೋದ ಇಬ್ನ್ ಬತೂತ ಬಂದಿದ್ದ. ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದುದನ್ನು ಬೆರಗಿನಿಂದ ಬರೆದಿದ್ದಾನೆ. ನನಗೆ ಅವನು ಆಪ್ತನಾದದ್ದು ಬೇರೆ ಕಾರಣಕ್ಕೆ. ಇಲ್ಲಿನ ಸುಲ್ತಾನನ ಬಳಿ ಹನ್ನೊಂದು ತಿಂಗಳಿದ್ದರೂ ರೊಟ್ಟಿಯ ಮುಖ ಕಾಣಲಿಲ್ಲ, ಬರೀ ಅನ್ನ ಎಂದು ಅವನು ದೂರಿದ್ದಾನೆ. ಮುಂದೆ ಮಲಬಾರ್, ಸಿಂಹಳಗಳಲ್ಲೂ ಅನ್ನವೇ ಆಗಿ, ಕೊನೆಗೆ ನೀರು ಕುಡಿದು ಅದನ್ನು ಗಂಟಲಿಗಿಳಿಸಬೇಕಾಯಿತಂತೆ. ಇದನ್ನು ಹೇಳಿದರೆ ಇವಳು, “ಪಾಪ, ಆತನ ಹೆಂಡ್ತಿ ಜ್ವಾಳದ ಹಿಟ್ಟು ಕಟ್ಟಿ ಕಳಿಸಿದ್ದಿಲ್ಲೇನು?” ಎಂದಳು. ಅವನೋ ಊರಿಗೊಂದು ಮದುವೆಯಾದವನು. ಆ ಮಾತು ನಾನು ಎತ್ತಲಿಲ್ಲ.

ಹಾಗೆಂದು ಊಟವನ್ನು ಬೈಯಲಾರೆ. ಅಪ್ಪೆಹುಳಿ ಕುಡಿದ ಮಧ್ಯಾಹ್ನಗಳ ನಿದ್ದೆಗೆ ಪಿಂಚಣಿ ಪೂರ್ತಿ ಕೊಟ್ಟರೂ ಸರಿಯೇ. ಆದರೆ ಕುಚ್ಚಲಕ್ಕಿ ಉಂಡೆದ್ದ ಮೇಲೂ ಕೈ ತಾನಾಗಿ ರೊಟ್ಟಿಯ ಬುಟ್ಟಿ ಹುಡುಕುತ್ತಿತ್ತು.

ಕಲ್ಹೇರಿಗೆ ಮರಳಿ ಬಟ್ಟೆಗಳನ್ನೆಲ್ಲ ಎರಡು ದಿನ ಬಿಸಿಲಿಗೆ ಹಾಕಿದೆವು. ದೀಪಾವಳಿಯ ಹೊತ್ತಿಗೆ ಮಾಲೀಕರ ಫೋನು: “ಮನೆ ಖಾಲಿ ಉಂಟು, ವರ್ಷಕ್ಕೇ ಕೊಡುವಾ. ಬರ್ತೀರಾ?”

ಇಲ್ಲ ಎಂದರೆ ನೊಂದಾರು, ಹೌದೆಂದರೆ ಇವಳು ಬಿಟ್ಟಾಳೇ? ಕಲಿತ ವಿದ್ಯೆ ನೆನಪಾಗಿ, “ಅಡ್ಡಿಲ್ಲ” ಎಂದುಬಿಟ್ಟೆ.

ಅವರು ಮನೆಗೆ ಸುಣ್ಣ ಹೊಡೆಸುತ್ತಿದ್ದಾರಂತೆ. ವರ್ಷಕ್ಕೆ ಎಷ್ಟು ಚೀಲ ಜೋಳ ಬೇಕೆಂದು ಇವಳು ಬೆರಳು ಮಡಚಿ ಎಣಿಸುತ್ತಿದ್ದಾಳೆ.