ಬೀಳುವವರ ಗಮನಕ್ಕೆ

ಗಾರೆ ಮೇಸ್ತ್ರಿಗಳೇ, ಟೈಲ್ಸ್ ಹಾಕುವ ಅಣ್ಣಂದಿರೇ, ಸೆಂಟ್ರಿಂಗ್ ಬಡಿಯುವ ಹುಡುಗರೇ, ನಿಮಗೆಲ್ಲ ಅಪಘಾತ ವಿಮೆ ಇದೆ. ಕಂಟ್ರಾಕ್ಟರ್ ಸಾಹೇಬರೇ ನಿಮ್ಮನ್ನು ಬ್ಯಾಂಕಿಗೆ ಕರೆದೊಯ್ದು ಫಾರಂಗೆ ಸಹಿ ಹಾಕಿಸಿದ್ದಾರೆ. ವರ್ಷಕ್ಕೆ 20 ರೂಪಾಯಿ, ಎರಡು ಲಕ್ಷದ ರಕ್ಷಣೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಶುರುವಾದಾಗ 12 ರೂಪಾಯಿ ಇತ್ತು. 2022ರ ಜೂನ್‌ನಿಂದ 20. ಒಂದು ಕಾಫಿ ದುಡ್ಡು. ಆದರೆ ಇಷ್ಟು ಅಗ್ಗದ ವಿಮೆಗೆ ತಕ್ಕ ಹಾಗೆ ಬೀಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಅದಕ್ಕೇ ಈ ಸೂಚನೆಗಳು.

ಒಂದು, ತಾರೀಕು ನೋಡಿ ಬೀಳಿ. ಈ ವಿಮೆಗೆ ಹೊಸ ವರ್ಷ ಯುಗಾದಿಗಲ್ಲ, ಜೂನ್ 1ಕ್ಕೆ. ಮೇ ಕೊನೆಗೆ ಖಾತೆಯಲ್ಲಿ 20 ರೂಪಾಯಿ ಇದ್ದರೆ ಬ್ಯಾಂಕು ತಾನೇ ಮುರಿದುಕೊಳ್ಳುತ್ತದೆ. ಮಗಳ ಸ್ಕೂಲ್ ಫೀಸು ಕಟ್ಟಿ, ಊರ ಜಾತ್ರೆ ಮುಗಿಸಿ, ಖಾತೆಯಲ್ಲಿ 14 ರೂಪಾಯಿ ಉಳಿದಿತ್ತೋ, ಕಥೆ ಮುಗಿಯಿತು. ಮರುದಿನ ಬೆಳಗ್ಗೆ ನೀವು ಮಾಮೂಲಿನಂತೆ ಮೂರನೇ ಮಹಡಿ ಹತ್ತುತ್ತೀರಿ. ವಿಮೆ ಮಾತ್ರ ಕೆಳಗೇ ಉಳಿದಿರುತ್ತದೆ.

ಎರಡು, ಬಿದ್ದರೆ ಪೂರ್ತಿ ಬೀಳಿ. ಸತ್ತರೆ ಎರಡು ಲಕ್ಷ. ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಶಾಶ್ವತವಾಗಿ ಹೋದರೂ ಎರಡು ಲಕ್ಷ. ಒಂದು ಕಣ್ಣಿಗೋ ಒಂದು ಕೈಗೋ ಒಂದು ಕಾಲಿಗೋ ಒಂದು ಲಕ್ಷ. ಕಾಲು ಮುರಿದು, ರಾಡು ಹಾಕಿಸಿಕೊಂಡು, ಮೂರು ತಿಂಗಳು ಮಲಗಿ, ಕುಂಟುತ್ತ ಕೆಲಸಕ್ಕೆ ಬಂದಿರೋ, ಸೊನ್ನೆ. ಆಸ್ಪತ್ರೆ ಬಿಲ್ಲೂ ಇಲ್ಲ, ಹೋದ ಕೂಲಿಯೂ ಇಲ್ಲ. ವಾಸಿಯಾದದ್ದು ನಿಮ್ಮದೇ ತಪ್ಪು. ಕೂಲಿ ನಷ್ಟವನ್ನು ವಾರದ ಲೆಕ್ಕದಲ್ಲಿ ಕೊಡುವ ಪಾಲಿಸಿಗಳೂ ಪೇಟೆಯಲ್ಲಿವೆ. ಅವುಗಳ ಪ್ರೀಮಿಯಂ ಕುರ್ಚಿಯಲ್ಲಿ ಕೂತವರಿಗೆ ಅಗ್ಗ, ಕಂಬ ಹತ್ತುವವರಿಗೆ ತುಟ್ಟಿ. ಕಾಸಿಗೆ ತಕ್ಕ ಕಜ್ಜಾಯ.

ಮೂರು, ಕಾಗದಪತ್ರ ಸಮೇತ ಸಾಯಿರಿ. ಎಫ್‌ಐಆರ್, ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿ ಬೇಕು. 30 ದಿನದೊಳಗೆ ಬ್ಯಾಂಕಿಗೆ ಅರ್ಜಿ ಹೋಗಬೇಕು. "ಪಾಪ, ಹೆಣ ಕೊಯ್ಯುವುದು ಬೇಡ, ಬೇಗ ಊರಿಗೆ ಕಳಿಸೋಣ" ಎಂದು ಯಾರಾದರೂ ಕಣ್ಣೊರೆಸಿಕೊಂಡರೆ ಅವರ ಮುಖ ನೋಡಿ. ಬಹುಶಃ ಕಂಟ್ರಾಕ್ಟರ್ ಇರುತ್ತಾರೆ. ಟೆಂಪೊ ಬಾಡಿಗೆಯನ್ನೂ ಅವರೇ ಕೊಡುತ್ತಾರೆ. ಹೆಣದ ಜತೆ ಕೇಸೂ ಅದೇ ಟೆಂಪೊದಲ್ಲಿ ಊರು ಸೇರುತ್ತದೆ.

ನಾಲ್ಕನೆಯದನ್ನು ಸೈಟಿನಲ್ಲಿ ಗಟ್ಟಿಯಾಗಿ ಓದಬೇಡಿ. ಕಟಿಂಗ್ ಮಷಿನ್ನಿಗೆ ಹೆಬ್ಬೆರಳು ಹೋಯಿತೆನ್ನಿ. 20 ರೂಪಾಯಿಯ ಯೋಜನೆಯಲ್ಲಿ ಬೆರಳಿಗೆ ರೇಟೇ ಇಲ್ಲ. ಆದರೆ ಬ್ರಿಟಿಷರ ಕಾಲದಲ್ಲಿ, 1923ರಲ್ಲೇ, ಕಾರ್ಮಿಕರ ಪರಿಹಾರ ಕಾಯ್ದೆ ಬಂತು. 2025ರಲ್ಲಿ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದರೂ ಪರಿಹಾರದ ಪಟ್ಟಿ ಉಳಿದಿದೆ. ಆ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ನೂರಕ್ಕೆ 30ರಷ್ಟು ಹೋಯಿತೆಂದು ಲೆಕ್ಕ. ತಿಂಗಳಿಗೆ 15,000 ಸಂಬಳ ಹಿಡಿದರೂ 30 ವರ್ಷದವನಿಗೆ ಸುಮಾರು 5.6 ಲಕ್ಷ ರೂಪಾಯಿ. ಸತ್ತರೆ ಹದಿನೈದೂವರೆ ಲಕ್ಷ. ಧಣಿಯ ತಪ್ಪಿತ್ತೆಂದು ನೀವು ಸಾಬೀತು ಮಾಡಬೇಕಿಲ್ಲ. ಕೆಲಸದಿಂದಾಗಿ, ಕೆಲಸದ ವೇಳೆ ಆದ ಅಪಘಾತವಾದರೆ ಸಾಕು. ಇಎಸ್‌ಐ ಇರುವ ಕಡೆ ಈ ಹೊಣೆ ಇಎಸ್‌ಐಯದು. ಇಲ್ಲದ ಕಡೆ ಕೊಡಬೇಕಾದವರು, ನಿಮ್ಮನ್ನು ಅಷ್ಟು ಪ್ರೀತಿಯಿಂದ ಬ್ಯಾಂಕಿಗೆ ಕರೆದೊಯ್ದ ಅದೇ ಸಾಹೇಬರು.

ಈಗ ಆ ಪ್ರೀತಿಯ ಗುಟ್ಟು ತಿಳಿಯಿತಲ್ಲ? ನಿಮ್ಮದೇ ಖಾತೆಯಿಂದ 20 ರೂಪಾಯಿ ಕಟ್ಟಿಸಿ, "ಇನ್ಶೂರೆನ್ಸ್ ಇದೆಯಲ್ಲ, ಅಲ್ಲೇ ಕೇಳು" ಎಂದು ಕೈತೊಳೆದುಕೊಳ್ಳಬಹುದು. ಆ ಎರಡು ಲಕ್ಷ ಬಂದರೂ ಈ ಹದಿನೈದೂವರೆ ಲಕ್ಷದ ಬಾಕಿ ತೀರುವುದಿಲ್ಲ. ಅದು ಬೇರೆ, ಇದು ಬೇರೆ. ಎರಡನ್ನೂ ಕೇಳುವ ಹಕ್ಕು ನಿಮಗಿದೆ. ಕೇಳಲು ಕಾರ್ಮಿಕ ಇಲಾಖೆಯ ಕಚೇರಿಯಿದೆ. ಅಲ್ಲಿ "ಇವನ್ಯಾರೋ ನನಗೆ ಗೊತ್ತಿಲ್ಲ" ಎಂದು ಸಾಹೇಬರು ಹೇಳುವ ಮೊದಲು ಹಾಜರಿ ಪುಸ್ತಕದ ಒಂದು ಫೋಟೊ ನಿಮ್ಮ ಮೊಬೈಲಿನಲ್ಲಿರಲಿ.

ಮುಂದಿನ ಸಲ ಅವರು "ನಿಮಗೆಲ್ಲ ಇನ್ಶೂರೆನ್ಸ್ ಮಾಡಿಸಿದ್ದೀನಿ" ಎಂದು ಎದೆಯುಬ್ಬಿಸಿದಾಗ ವಿನಯದಿಂದ ಕೇಳಿ: "ಸಾರ್, ನಮಗೆ ಮಾಡಿಸಿದ್ದು ಸರಿ. ನಾವು ಬಿದ್ದರೆ ನೀವು ಕೊಡಬೇಕಾದ ದುಡ್ಡಿಗೆ ಪಾಲಿಸಿ ಮಾಡಿಸಿದ್ದೀರಾ?"