ಬೀದಿಗೆ ಎಂಟೂವರೆ ಜನ

ಮೈಸೂರಿನ ಕುವೆಂಪುನಗರದ ಬಸ್ ಸ್ಟಾಪಿನಲ್ಲಿ, ಕೈಮಗ್ಗದ ಕುರ್ತಾ ತೊಟ್ಟು, ಹೆಗಲಿಗೆ ಬಟ್ಟೆಚೀಲ ಇಳಿಬಿಟ್ಟು, ಪಕ್ಕದ ಮುದುಕರ ಗೊಣಗಾಟಕ್ಕೆ ತಲೆದೂಗುತ್ತ ನಿಂತ ಹುಡುಗಿ ಕಂಡರೆ, ಅವಳು ಕೆಲಸ ಹುಡುಕುತ್ತಿರುವ ಆಪ್ತಸಮಾಲೋಚಕಿ ಎಂದು ಧಾರಾಳವಾಗಿ ಹೇಳಬಹುದು. ಬ್ಯಾಂಕ್ ಪರೀಕ್ಷೆಗೆ ಓದುವವರ ಕಣ್ಣು ಪುಸ್ತಕ ಬಿಟ್ಟು ಏಳುವುದಿಲ್ಲ. ಸಾಫ್ಟ್‌ವೇರಿನವರ ಕಿವಿಗೆ ಆಗಲೇ ಬಿರಡೆ ಬಿದ್ದಿರುತ್ತದೆ. ಕಂಡವರ ಗೋಳಿಗೆಂದು ಎರಡು ಕಿವಿಯನ್ನೂ ಖಾಲಿ ಇಟ್ಟುಕೊಂಡು ಓಡಾಡುವ ಜಾತಿ ಊರಿನಲ್ಲಿ ಇದೊಂದೇ. ಚೀಲದಲ್ಲಿ ಅಂಕಪಟ್ಟಿಗಳ ಜೆರಾಕ್ಸ್ ಇರುತ್ತದೆ, ನೀರಿನ ಬಾಟಲಿ ಇರುತ್ತದೆ, ಮುಂದೆ ಬಂದು ಅಳಲಿರುವವರಿಗೆಂದು ಕೊಂಡ ಟಿಶ್ಯೂ ಡಬ್ಬವಿರುತ್ತದೆ. ಅಳುವವರು ಇನ್ನೂ ಬಾರದ್ದರಿಂದ ಸದ್ಯಕ್ಕೆ ಟಿಶ್ಯೂ ಸಿಟಿ ಬಸ್ಸಿನ ಸೀಟು ಒರೆಸುವುದರಲ್ಲಿ ಖರ್ಚಾಗುತ್ತಿದೆ.

ನಮ್ಮ ಎದುರುಮನೆಯಲ್ಲೂ ಒಬ್ಬಳಿದ್ದಾಳೆ. ಮನೆಯವರು ಕರೆಯುವುದು ಪುಟ್ಟಿ ಎಂದು. ಎಂ.ಎಸ್ಸಿ. ಸೈಕಾಲಜಿ ಮುಗಿಸಿದ ಮೇಲೆ ಅವಳು ಯಾವ ಪ್ರಶ್ನೆಗೂ ಉತ್ತರ ಕೊಡುವುದನ್ನು ನಿಲ್ಲಿಸಿದಳು.

"ಪುಟ್ಟಿ, ಉಪ್ಪಿಟ್ಟು ಕೆದಕ್ಲಾ, ದೋಸೆ ಹುಯ್ಯಲಾ?"

"ನಿನಗೇನು ಅನ್ನಿಸುತ್ತಮ್ಮ?"

"ನಿನ್ನ ಬೆನ್ನಿಗೆ ಎರಡು ಹಾಕೋಣ ಅನ್ನಿಸುತ್ತೆ."

"ಅಂದ್ರೆ ನಿನಗೀಗ ಕೋಪ ಬಂದಿದೆ."

ಉಪ್ಪಿಟ್ಟೇ ಆಯಿತು. ತಿನ್ನುವಾಗ ಅವಳ ತಾಯಿ ನನ್ನ ಮನೆಯವಳ ಹತ್ತಿರ, "ಇವಳಿಗೆ ಕಾಲೇಜಿನಲ್ಲಿ ಕಲಿಸಿದ್ದಾದರೂ ಏನ್ರೀ? ನಾನು ಹೇಳಿದ್ದನ್ನೇ ತಿರುಗಿಸಿ ನನಗೇ ಹೇಳ್ತಾಳೆ" ಎಂದು ದೂರಿದರು. ಕಾರ್ಲ್ ರೋಜರ್ಸ್ ಎಂಬ ಅಮೆರಿಕದ ಮಹಾನುಭಾವ ಕಲಿಸಿಕೊಟ್ಟದ್ದು ಸುಮಾರಾಗಿ ಅದನ್ನೇ ಎಂದು ಆಕೆಗೆ ಯಾರು ಹೇಳಬೇಕು.

ಪುಟ್ಟಿಯ ತಂದೆ ರಾಯರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಮಗಳ ಓದಿಗೆ ಮಾರುಕಟ್ಟೆ ಇದೆಯೇ ಎಂದು ನೋಡದೆ ಸಹಿ ಹಾಕುವ ಕುಳವಲ್ಲ. ನಿಮ್ಹಾನ್ಸ್ ಮುಂದೆ ನಿಂತು 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಉಂಟು, ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಬಾಗಿಲನ್ನೇ ತಟ್ಟಿಲ್ಲ ಎಂದು ಪೇಪರಿನಲ್ಲಿ ಓದಿದ ದಿನ ಅವರ ಮುಖ ಅರಳಿತು. ಲೆಕ್ಕ ಹಾಕಿದರು. ನಮ್ಮ ಬೀದಿಯಲ್ಲಿ ವಯಸ್ಕರು ಎಂಬತ್ತು. "ಎಂಟೂವರೆ ಜನ, ಸ್ವಾಮಿ! ಒಂದೇ ಬೀದಿಗೆ! ಇಡೀ ಕುವೆಂಪುನಗರ ಹಿಡಿದರೆ?" ಅಂದಿನಿಂದ ಸಂಜೆಯ ವಾಕಿಂಗಿನಲ್ಲಿ ಅವರು ಆ ಎಂಟು ಮಂದಿಯನ್ನು ಗುರುತಿಸುವ ಕೆಲಸಕ್ಕೆ ಬಿದ್ದರು. ಮೂಲೆ ಮನೆಯವರು ಗೇಟಿನ ಬೀಗವನ್ನು ಮೂರು ಸಲ ಎಳೆದು ನೋಡುತ್ತಾರೆ: ಒಂದು. ಮಹಡಿ ಮನೆಯ ಹುಡುಗ ರಾತ್ರಿ ಎರಡರವರೆಗೆ ದೀಪ ಆರಿಸುವುದಿಲ್ಲ: ಎರಡು. ಏಳರವರೆಗೆ ಸಲೀಸಾಗಿ ಬಂತು. ಎಂಟನೆಯವರ ಹೆಸರು ನನಗೆ ಹೇಳಲಿಲ್ಲ. ಆ ಅರ್ಧ ಮಾತ್ರ ಯಾರೆಂದು ಗೊತ್ತಾಗಲಿಲ್ಲ ಎಂದು ನನ್ನನ್ನೇ ಒಂದು ಥರ ನೋಡುತ್ತ ನಿಂತರು.

ಎಂಟೂವರೆ ಜನರಲ್ಲಿ ಒಬ್ಬರೂ ಬರಲಿಲ್ಲ. ಹಾಗೆಂದು ಅವಳ ಹತ್ತಿರ ಯಾರೂ ಗೋಳು ಹೇಳಿಕೊಳ್ಳುವುದಿಲ್ಲವೆಂದಲ್ಲ, ಹೇಳಿಕೊಳ್ಳದವರೇ ಇಲ್ಲ. ಮದುವೆಮನೆಯಲ್ಲಿ ಊಟದ ಎಲೆ ಹಾಸುವ ಮೊದಲೇ ಅವಳ ಪಕ್ಕದ ಕುರ್ಚಿಗೆ ಪೈಪೋಟಿ. ಅತ್ತಿಗೆಯ ಅತ್ತೆ, ಸೋದರತ್ತೆಯ ಸೊಸೆ, ಒಬ್ಬರ ಮೇಲೊಬ್ಬರು ಬಂದು ಕೂತು, ಸಾರಿನಿಂದ ಮಜ್ಜಿಗೆಯವರೆಗೆ ಒಂದೇ ಉಸಿರಿನಲ್ಲಿ ಹೇಳಿ, ಕೈ ತೊಳೆದು ಬಂದು, "ಅದಿರಲಿ, ನಿನಗೆ ಕೆಲಸ ಆಯಿತೇನೇ?" ಎಂದು ಕೇಳುತ್ತಾರೆ. 'ಆಪ್ತಮಿತ್ರ'ದ ವಿಷ್ಣುವರ್ಧನ್ ನಾಗವಲ್ಲಿಯನ್ನು ಓಡಿಸಿದ ಹಾಗೆ ನೀನೂ ಏನಾದರೂ ಮಾಡಬಲ್ಲೆಯಾ ಎಂಬ ಅನುಮಾನ ಚಿಕ್ಕಮ್ಮಂದಿರಿಗೆ ಇನ್ನೂ ಇದೆ. ದುಡ್ಡಿನ ಮಾತು ಬಂದಾಗ ಮಾತ್ರ, "ನಮ್ಮವರ ಹತ್ತಿರವೂ ಫೀಸಾ? ಬೆಂಗಳೂರಿನ ಡಾ. ಸಿ.ಆರ್. ಚಂದ್ರಶೇಖರ್ ಅಷ್ಟು ದೊಡ್ಡವರು, ಸಮಾಧಾನ ಕೇಂದ್ರದಲ್ಲಿ ಪುಕ್ಕಟೆ ಕೂತು ಕೇಳ್ತಾರಂತೆ." ಪುಸ್ತಕ ಬರೆದು, ಉಚಿತ ಸೇವೆ ಮಾಡಿ ನಾಡಿನ ನಾಚಿಕೆ ಬಿಡಿಸಿದ ಪುಣ್ಯಾತ್ಮರೇ ಹೊಸಬರ ಬೋಣಿಗೆ ಅಡ್ಡಬರುವುದು ಹೀಗೆ.

ಸ್ವಂತ ರೂಮು ಮಾಡಿದ್ದೂ ಆಯಿತು. ಮೊದಲ ಮನೆಯ ಯಜಮಾನರು 'ಮಾನಸಿಕ' ಎಂಬ ಮಾತು ಕೇಳಿದ ತಕ್ಷಣ, "ಸಂಸಾರಸ್ಥರ ಬೀದಿ ಕಣಮ್ಮ" ಎಂದರು. ಸಂಸಾರಸ್ಥರಿಗಾಗಿಯೇ ತೆರೆಯುತ್ತಿರುವುದು ಎಂದು ವಾದಿಸಿ ಫಲವಿರಲಿಲ್ಲ. ಕಡೆಗೆ ಸಿಕ್ಕಿದ್ದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಬೋರ್ಡು ದೊಡ್ಡದಾಗಿದ್ದರೆ ನೋಡಿದವರು ಏನಂದುಕೊಳ್ಳುತ್ತಾರೋ ಎಂದು ಯಾರೂ ಮೆಟ್ಟಿಲು ಹತ್ತುವುದಿಲ್ಲ, ಚಿಕ್ಕದಾಗಿದ್ದರೆ ಯಾರಿಗೂ ಕಾಣುವುದಿಲ್ಲ. ಹತ್ತಿದ ಒಬ್ಬಿಬ್ಬರೂ ಕೈಯಲ್ಲೊಂದು ಆಧಾರ್ ಕಾರ್ಡ್ ಹಿಡಿದೇ ಹತ್ತಿದರು, ಯಾರಾದರೂ ಕೇಳಿದರೆ ಜೆರಾಕ್ಸ್ ಎನ್ನಲು. ಆ ತಿಂಗಳು ಕೆಳಗಿನ ಅಂಗಡಿಯವನಿಗೆ ಒಳ್ಳೆಯ ವ್ಯಾಪಾರವಾಯಿತು.

ಬಂದವರಲ್ಲಿ ಒಬ್ಬರು ಐನೂರು ಕೊಟ್ಟು ಹೊರಬಂದು ರಾಯರ ಹತ್ತಿರವೇ ಹೇಳಿದರು: "ಮುಕ್ಕಾಲು ಗಂಟೆ ನಾನೇ ಮಾತಾಡಿದೆ, ದುಡ್ಡೂ ನಾನೇ ಕೊಟ್ಟೆ!" ಎದುರು ಸಾಲಿನಲ್ಲಿರುವ ಜೋಯಿಸರ ಕಥೆ ಬೇರೆ. ಅವರೂ ಮುಕ್ಕಾಲು ಗಂಟೆ ಕೇಳುತ್ತಾರೆ, ನನ್ನ ಪ್ರಕಾರ ಚೆನ್ನಾಗಿಯೇ ಕೇಳುತ್ತಾರೆ. ಆದರೆ ಎದ್ದು ಹೋಗುವಾಗ ಕೈಗೊಂದು ಚೀಟಿ ಬರುತ್ತದೆ: ಒಂಬತ್ತು ಶನಿವಾರ, ಎಳ್ಳೆಣ್ಣೆ, ಪಶ್ಚಿಮಾಭಿಮುಖ. ಪುಟ್ಟಿಯ ಶಾಸ್ತ್ರದಲ್ಲಿ ಸಲಹೆ ಕೊಡುವುದು ಮಡಿಯಲ್ಲ, ದಾರಿ ಅವರಿಗೇ ಕಾಣಬೇಕು. ನಮ್ಮ ಜನಕ್ಕೆ ದಾರಿ ಮೊದಲೇ ಕಂಡಿರುತ್ತದೆ, ಆ ದಾರಿಯಲ್ಲಿ ಹೋಗು ಎನ್ನಲು ಒಬ್ಬರು ಬೇಕಾಗಿರುತ್ತಾರೆ.

ನೌಕರಿಯೇ ವಾಸಿ ಎಂದಾಯಿತು. ಆಗ ದೊಡ್ಡಪ್ಪ ಪ್ರವೇಶಿಸಿದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು, ಕಾಯ್ದೆ ಎಂದರೆ ಕನ್ನಡಕ ಹಾಕಿಕೊಳ್ಳುವವರು. 2017ರ ಮಾನಸಿಕ ಆರೋಗ್ಯ ಕಾಯ್ದೆಯನ್ನು ಮುಂದಿಟ್ಟುಕೊಂಡು ವೃತ್ತಿಪರರು ಯಾರ್‍ಯಾರು ಎಂಬ ಕಲಮು ಓದಿದರು. ಮನೋವೈದ್ಯರು ಇದ್ದಾರೆ. ಎಂ.ಫಿಲ್. ಮಾಡಿ ಭಾರತೀಯ ಪುನರ್ವಸತಿ ಪರಿಷತ್ತಿನ ಮನ್ನಣೆ ಪಡೆದ ಕ್ಲಿನಿಕಲ್ ಸೈಕಾಲಜಿಸ್ಟರು ಇದ್ದಾರೆ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನರ್ಸುಗಳು ಇದ್ದಾರೆ. ಮಾನಸ ರೋಗದಲ್ಲಿ ಸ್ನಾತಕೋತ್ತರ ಪದವಿ ಪಡೆದ ಆಯುರ್ವೇದದವರು, ಹೋಮಿಯೋಪತಿ, ಯುನಾನಿ, ಸಿದ್ಧದವರೂ ಇದ್ದಾರೆ. "ನೀನೆಲ್ಲಿದ್ದೀಯೇ?" ಪುಟ್ಟಿ ಇರಲಿಲ್ಲ. 2021ರಲ್ಲಿ ಬಂದ ಇನ್ನೊಂದು ಕಾಯ್ದೆಯ ಪಟ್ಟಿಯಲ್ಲಿ ಕೊನೆಗೂ ಸಿಕ್ಕಿದಳು, ಮಧುಮೇಹಿಗಳಿಗೆ ತಿಳಿವಳಿಕೆ ಹೇಳುವವರು, ಬಾಣಂತಿಯರಿಗೆ ಹಾಲೂಡಿಸುವುದನ್ನು ಹೇಳಿಕೊಡುವವರು ಕುಳಿತ ಬೆಂಚಿನಲ್ಲಿ. "ಬಾಣಂತನ ನಾನೂ ಐದು ಮಾಡಿದ್ದೀನಿ, ನನ್ನ ಹೆಸರೂ ಇರಬೇಕು ನೋಡಿ" ಎಂದು ಅಜ್ಜಿ ಒಳಗಿನಿಂದ ಕೂಗಿದರು.

ಮೊಬೈಲಿನಲ್ಲಿ ಕೌನ್ಸೆಲರ್ ಕೆಲಸ ಎಂದು ಹುಡುಕಿದರೆ ಮೊದಲು ಎದುರಾಗುವವರು ಕೋಚಿಂಗ್ ಕಂಪನಿಯವರು. ದಿನವಿಡೀ ಪೋಷಕರಿಗೆ ಫೋನ್ ಹಚ್ಚಿ, ನಿಮ್ಮ ಮಗು ಹಿಂದೆ ಬೀಳುತ್ತಿದೆ ಎಂದು ಹೆದರಿಸಿ ಕೋರ್ಸು ಮಾರುವುದು. ಆತಂಕ ಇಳಿಸಲು ಓದಿದವಳಿಗೆ ಆತಂಕ ಹುಟ್ಟಿಸಿದರೆ ಸಂಬಳದ ಜೊತೆ ಇನ್ಸೆಂಟಿವ್! ಆಮೇಲೆ ಆಸ್ಪತ್ರೆಗಳು: ಮೂರು ವರ್ಷದ ಅನುಭವ ತನ್ನಿ. ಅನುಭವಕ್ಕೆಂದು ಇಂಟರ್ನ್‌ಶಿಪ್ ಕೇಳಿದರೆ ಅಲ್ಲಿ ಇವಳೇ ಶುಲ್ಕ ಕಟ್ಟಬೇಕು. ಈ ಕ್ಷೇತ್ರದಲ್ಲಿ ಖಾತ್ರಿಯಾಗಿ ದುಡಿಯುತ್ತಿರುವವರೆಂದರೆ ಹೊಸ ಆಪ್ತಸಮಾಲೋಚಕರನ್ನು ತಯಾರಿಸುವ ಸರ್ಟಿಫಿಕೇಟ್ ಕೋರ್ಸಿನವರು. ಜಿಲ್ಲಾಸ್ಪತ್ರೆಯಲ್ಲಿ ಹುದ್ದೆ ಕರೆದರೆ ಗುತ್ತಿಗೆ, ಮುಂದಿನ ವರ್ಷದ ಮಾತು ಮುಂದಿನ ವರ್ಷ.

ನಂಜನಗೂಡು ರಸ್ತೆಯಾಚೆಯ ಶಾಲೆಯೊಂದು ಸಂದರ್ಶನಕ್ಕೆ ಕರೆಯಿತು. ಸಿಬಿಎಸ್‌ಇ ಶಾಲೆಗೆ ಆಪ್ತಸಮಾಲೋಚಕರು ಇರಲೇಬೇಕೆಂಬ ನಿಯಮವಿದೆ. ತಪಾಸಣೆಯವರು ಬರುವ ತಿಂಗಳಲ್ಲಿ ಆ ನಿಯಮ ಎಲ್ಲರಿಗೂ ನೆನಪಾಗುತ್ತದೆ. ಪ್ರಿನ್ಸಿಪಾಲರು ಕೋಣೆ ತೋರಿಸಿದರು. ಒಳಗೆ ಎರಡು ಫುಟ್‌ಬಾಲ್, ವಾರ್ಷಿಕೋತ್ಸವದ ರಾವಣನ ಹತ್ತು ತಲೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹಾರ್ಮೋನಿಯಂ.

"ಇಲ್ಲೇ ಕೂತು ಮಕ್ಕಳ ಮನಸ್ಸು ಅರಳಿಸಬೇಕು ಮೇಡಂ. ವಾರಕ್ಕೆ ಹದಿನೆಂಟು ಪೀರಿಯಡ್ ವ್ಯಾಲ್ಯೂ ಎಜುಕೇಶನ್. ಯಾರಾದರೂ ರಜ ಹಾಕಿದರೆ ಆ ಕ್ಲಾಸು. ಸಂಜೆ ನಾಲ್ಕನೇ ನಂಬರ್ ಬಸ್ಸಿನಲ್ಲಿ ಮಕ್ಕಳನ್ನು ಇಳಿಸಿಕೊಂಡು ಹೋಗಬೇಕು, ಹೇಗೂ ನಿಮ್ಮ ದಾರಿ."

"ಮಕ್ಕಳ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡೋದಕ್ಕೆ ಹೊತ್ತು, ಸರ್?"

"ಲಂಚ್ ಬ್ರೇಕ್ ಪೂರ್ತಿ ನಿಮ್ಮದೇ! ಒಂದೇ ವಿಷಯ: ಯಾವ ಮಗು ಏನು ಹೇಳಿತು ಅಂತ ಸಂಜೆ ರಿಜಿಸ್ಟರಿನಲ್ಲಿ ಬರೆದಿಟ್ಟುಬಿಡಿ. ಪೇರೆಂಟ್ಸ್ ಮೀಟಿಂಗಿನಲ್ಲಿ ಓದಿ ಹೇಳೋಣ."

ಮಕ್ಕಳು ಹೇಳಿದ್ದನ್ನು ಹೊರಗೆ ಆಡಬಾರದು, ಅದೇ ಈ ವೃತ್ತಿಯ ಜೀವ ಎಂದು ಪುಟ್ಟಿ ವಿವರಿಸಿದಳು. ಪ್ರಿನ್ಸಿಪಾಲರು ಸಾವಧಾನವಾಗಿ ಕೇಳಿ, "ಹಾರ್ಮೋನಿಯಂ ನುಡಿಸೋಕೆ ಬರುತ್ತಾ?" ಎಂದರು.

ಮೈಸೂರಿಗೆ ಈ ವಿದ್ಯೆ ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ 1924ರಷ್ಟು ಹಿಂದೆಯೇ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ 'ವಿಠ್ಠಲ ವಿಹಾರ'ದಲ್ಲಿ ರೇಡಿಯೋ ಕೇಂದ್ರ ತೆರೆದು 'ಆಕಾಶವಾಣಿ' ನಡೆಸಿದವರೂ ಅವರೇ. ರಾಯರು ಇದನ್ನು ತಮ್ಮ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದಾರೆ: "ನೋಡು ಪುಟ್ಟಿ, ಸೈಕಾಲಜಿ ಒಂದನ್ನೇ ನೆಚ್ಚಿಕೊಳ್ಳಬಾರದು ಅಂತ ಆ ಪುಣ್ಯಾತ್ಮರಿಗೆ ಆಗಲೇ ಗೊತ್ತಿತ್ತು." ಯೂಟ್ಯೂಬ್ ಚಾನೆಲ್ ಮಾಡು ಎಂಬುದು ಇದರ ತಾತ್ಪರ್ಯ.

ಅವಳ ತಾಯಿಯದು ಬೇರೆಯೇ ದಾರಿ. 2022ರಿಂದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆಯಲ್ಲ, 14416, ಅದಕ್ಕೆ ಯಾರಿಗೂ ಹೇಳದೆ ಒಂದು ಮಧ್ಯಾಹ್ನ ಫೋನ್ ಮಾಡಿದರು. ಮಗಳಿಗೆ ಕೆಲಸವಿಲ್ಲದ ಚಿಂತೆ, ನಿದ್ದೆ ಇಲ್ಲ, ಎಲ್ಲ ಹೇಳಿಕೊಂಡರು. ಆ ಕಡೆಯ ಹುಡುಗಿ ಚೆಂದದ ಕನ್ನಡದಲ್ಲಿ, ಒಂಚೂರೂ ಅವಸರ ಮಾಡದೆ ಕೇಳಿದಳಂತೆ. ಎದೆ ಹಗುರಾದ ಮೇಲೆ ಇವರು ದನಿ ತಗ್ಗಿಸಿ ವಿಚಾರಿಸಿದರು: "ನಿನಗೆ ಈ ಕೆಲಸ ಹೇಗಮ್ಮ ಸಿಕ್ಕಿತು? ಎಲ್ಲಿ ಅರ್ಜಿ ಹಾಕಿದ್ದೆ?"

ಈಚಿನದು ಬೆಂಗಳೂರಿನ ಕಂಪನಿಯೊಂದರ ಸಂದರ್ಶನ. ನೌಕರರ ನೆಮ್ಮದಿಗೆ ಒಬ್ಬರು ಬೇಕಂತೆ. ಎಚ್‌ಆರ್ ಮ್ಯಾನೇಜರು ಬಾಗಿಲು ಹಾಕಿಕೊಂಡು, ಒತ್ತಡದಲ್ಲಿರುವ ನೌಕರನನ್ನು ನೀವು ಹೇಗೆ ಮಾತಾಡಿಸುತ್ತೀರಿ, ಉದಾಹರಣೆಗೆ ನಾನೇ ಎಂದುಕೊಳ್ಳಿ ಎಂದರು. ಪುಟ್ಟಿ ಕುರ್ಚಿ ಸ್ವಲ್ಪ ಓರೆಗೆ ಎಳೆದುಕೊಂಡು, "ಈಚೆಗೆ ಹೇಗಿದ್ದೀರಿ?" ಎಂದಳು. ಉದಾಹರಣೆ ಐದು ನಿಮಿಷಕ್ಕೆ ಮುಗಿಯಿತು, ಮಿಕ್ಕದ್ದು ನಿಜ. ಹೊಸ ಬಾಸು, ಹಳೆಯ ಗೃಹಸಾಲ, ಮಾತು ಬಿಟ್ಟ ತಮ್ಮ, ಹೊರಗೆ ಕಾಯುತ್ತಿದ್ದ ಉಳಿದ ಅಭ್ಯರ್ಥಿಗಳಿಗೆ ಎರಡು ಸಲ ಕಾಫಿ ಬರುವಷ್ಟು ಹೊತ್ತು. ಟಿಶ್ಯೂ ಡಬ್ಬ ಕೊನೆಗೂ ಕೆಲಸಕ್ಕೆ ಬಂತು.

ಮರುದಿನ ಅವರೇ ಫೋನ್ ಮಾಡಿದರು. ಹುದ್ದೆ ಸದ್ಯಕ್ಕೆ ತಡೆಹಿಡಿಯಲಾಗಿದೆ, ನಿಮ್ಮ ಬಯೋಡೇಟಾ ಫೈಲಿನಲ್ಲಿರುತ್ತದೆ. ಆಮೇಲೆ ಒಂದು ಕ್ಷಣ ತಡೆದು, ಆನ್‌ಲೈನಿನಲ್ಲೂ ನೋಡುತ್ತೀರಾ, ಗುರುವಾರ ಬಿಡುವಿದೆಯೇ ಎಂದು ಕೇಳಿದರು. ಪುಟ್ಟಿ ಗುರುವಾರ ಹನ್ನೊಂದಕ್ಕೆ ಬರೆದುಕೊಂಡಳು. ಐನೂರು ರೂಪಾಯಿ, ಮುಂಗಡ ಎಂದು ಜೋಯಿಸರ ಗತ್ತಿನಲ್ಲೇ ಹೇಳಿದಳು. ಮನುಷ್ಯ ಎಚ್‌ಆರ್ ಅಲ್ಲವೇ, ಸಂಬಳ ಮಾತಾಡಿ ಪಳಗಿದ ನಾಲಗೆ. ಮುನ್ನೂರೈವತ್ತಕ್ಕೆ ಇಳಿಸಿ, ಆರು ತಿಂಗಳ ನಂತರ ಪರಿಶೀಲಿಸೋಣ ಎಂದರು.